ಗೆರೆಗಳೆರಡೂ ಸಮವೆಂದು ಗೊತ್ತಿದ್ದರೂ ಕಣ್ಣು ಏಕೆ ಒಪ್ಪುವುದಿಲ್ಲ?

ಪ್ರಶ್ನೆ: ರೇಖಾಪ್ರಿಯ

ಕೆಲವು ದಿನಗಳಿಂದ ಬಿಡದೆ ಕಾಡುತ್ತಿರುವ ಒಂದು ತೊಡಕನ್ನು ಇಲ್ಲಿ ಮುಂದಿಡುತ್ತಿದ್ದೇನೆ. 1889ರಲ್ಲಿ ಜರ್ಮನಿಯ ಫ್ರಾಂಜ್ ಮುಲ್ಲರ್-ಲೈಯರ್ ಪ್ರಕಟಿಸಿದ ದೃಷ್ಟಿಭ್ರಮೆಯ ಚಿತ್ರವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದರಲ್ಲಿ ಒಂದೇ ಉದ್ದದ ಎರಡು ಗೆರೆಗಳಿರುತ್ತವೆ. ಒಂದರ ತುದಿಗಳಲ್ಲಿ ಬಾಣದ ಮೊನೆಯಂತೆ ಒಳಕ್ಕೆ ಮಡಚಿದ ಗೀಟುಗಳು, ಇನ್ನೊಂದರ ತುದಿಗಳಲ್ಲಿ ಕವೆಯಂತೆ ಹೊರಕ್ಕೆ ಚಾಚಿದ ಗೀಟುಗಳು. ಕವೆಯ ಗೆರೆಯೇ ಉದ್ದವಾಗಿ ಕಾಣುತ್ತದೆ.

ಅಚ್ಚಾದ ಚಿತ್ರವನ್ನು ನಂಬದೆ ನಾನೇ ಒಂದು ಬಿಳಿ ಹಾಳೆಯ ಮೇಲೆ 8 ಸೆಂಟಿಮೀಟರಿನ ಎರಡು ಗೆರೆಗಳನ್ನು ಒಂದರ ಕೆಳಗೊಂದರಂತೆ ಎಳೆದೆ. ಬರಿಯ ಗೆರೆಗಳಾಗಿದ್ದಾಗ ಅವು ಸಮವಾಗಿಯೇ ಇದ್ದವು. ಗೀಟುಗಳನ್ನು ಒಂದೊಂದಾಗಿ ಹಾಕುತ್ತ ಹೋದಂತೆ, ನನ್ನ ಕಣ್ಣೆದುರಿಗೇ, ನನ್ನ ಕೈಯಿಂದಲೇ, ಒಂದು ಗೆರೆ ಕುಗ್ಗಿತು, ಇನ್ನೊಂದು ಹಿಗ್ಗಿತು. ಸ್ಕೇಲನ್ನು ಇಟ್ಟು ಮತ್ತೆ ಅಳೆದೆ. ಎರಡೂ 8 ಸೆಂಟಿಮೀಟರೇ. ಸ್ಕೇಲನ್ನು ತೆಗೆದೊಡನೆ ಮತ್ತೆ ಅದೇ ಅಸಮತೆ.

ಭ್ರಮೆಯಾಗುವುದು ನನಗೆ ಸೋಜಿಗವಲ್ಲ, ಭ್ರಮೆ ಉಳಿಯುವುದು ಸೋಜಿಗ. ನಾವು ಓದಿದ್ದು ಹಗ್ಗ-ಹಾವಿನ ದೃಷ್ಟಾಂತವನ್ನು: ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ದೀಪ ತಂದು ಹಗ್ಗವೆಂದು ತಿಳಿದೊಡನೆ ಹಾವು ಇಲ್ಲವಾಗುತ್ತದೆ. ಇಲ್ಲಿ ದೀಪವನ್ನೂ ತಂದಾಯಿತು, ಅಳತೆಯನ್ನೂ ಮಾಡಿಯಾಯಿತು, ಹಾವು ಮಾತ್ರ ಜಾಗ ಬಿಟ್ಟು ಕದಲುತ್ತಿಲ್ಲ. ಇನ್ನೊಂದು ಕಡೆ ಮನಶ್ಶಾಸ್ತ್ರದ ಪುಸ್ತಕಗಳು, ನೋಡುವುದೆಂದರೆ ಕಣ್ಣಿಗೆ ಬಿದ್ದ ಅರೆಬರೆ ಮಾಹಿತಿಯನ್ನು ಮಿದುಳು ತನ್ನ ಹಿಂದಿನ ತಿಳಿವಳಿಕೆಯ ನೆರವಿನಿಂದ ಅರ್ಥಮಾಡಿಕೊಳ್ಳುವುದು ಎನ್ನುತ್ತವೆ. ಹಾಗಿದ್ದರೆ ಅಷ್ಟೆಲ್ಲ ತಿಳಿವಳಿಕೆಯನ್ನು ಬಳಸಿಕೊಳ್ಳುವ ಮಿದುಳು, ಸ್ಕೇಲು ಕೊಟ್ಟ ಈ ಒಂದೇ ಒಂದು ತಿಳಿವಳಿಕೆಯನ್ನು ಏಕೆ ಹೊರಗಿಡುತ್ತದೆ? ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ?


ಉತ್ತರ 1: ನಿವೃತ್ತ ಮೇಷ್ಟ್ರು

ರೇಖಾಪ್ರಿಯರೆ, ನೀವು ಎತ್ತಿದ ತೊಡಕು ಈ ಸಿದ್ಧಾಂತದಷ್ಟೇ ಹಳೆಯದು. ಗ್ರಹಿಕೆಯನ್ನು ಅನುಮಾನವೆಂದು ಕರೆದವರಲ್ಲಿ ಪ್ರಮುಖರಾದ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್, 1867ರಲ್ಲಿ ಪೂರ್ಣಗೊಂಡ ತಮ್ಮ ದೃಗ್ವಿಜ್ಞಾನದ ಗ್ರಂಥದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅನುಮಾನವೆಂದರೆ ಇಲ್ಲಿ ಸಂಶಯವೆಂದು ಅರ್ಥವಲ್ಲ. ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ತಿಳಿಯುವ ತರ್ಕಶಾಸ್ತ್ರದ ಅನುಮಾನ. ಕಣ್ಣಿನ ಹಿಂದಿನ ಅಕ್ಷಿಪಟಲದ ಮೇಲೆ ಬೀಳುವ ಬಿಂಬಕ್ಕೆ ಆಳವಿಲ್ಲ. ಹತ್ತಿರದ ಚಿಕ್ಕ ವಸ್ತುವೂ ದೂರದ ದೊಡ್ಡ ವಸ್ತುವೂ ಅಲ್ಲಿ ಒಂದೇ ಅಳತೆಯ ಬಿಂಬವನ್ನು ಮೂಡಿಸಬಲ್ಲವು. ಆದ್ದರಿಂದ ಎದುರಿಗೆ ಏನಿದೆ ಎಂಬುದನ್ನು ಬಿಂಬವೊಂದರಿಂದಲೇ ತೀರ್ಮಾನಿಸಲಾಗದು, ಊಹಿಸಬೇಕಾಗುತ್ತದೆ. ಈ ಊಹೆ ನಮ್ಮ ಪ್ರಜ್ಞೆಗೆ ಬಾರದಂತೆ ನಡೆದುಹೋಗುತ್ತದೆ. ನಾವು ಬೇಕೆಂದು ಮಾಡಿದ ತೀರ್ಮಾನವಲ್ಲವಾದ್ದರಿಂದಲೇ ಬೇಡವೆಂದಾಗ ಅದನ್ನು ಹಿಂತೆಗೆದುಕೊಳ್ಳಲೂ ಆಗುವುದಿಲ್ಲ ಎಂಬುದು ಹೆಲ್ಮ್‌ಹೋಲ್ಟ್ಸರ ವಾದ. ಮುಚ್ಚಿದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಎದುರು ಬದಿಯಲ್ಲಿ ಬೆಳಕಿನ ಬಳೆಯೊಂದು ಕಾಣುತ್ತದೆ. ಅದು ಬೆಳಕಲ್ಲ, ಒತ್ತಡ, ಎಂಬುದು ನಮಗೆ ಎಷ್ಟೇ ಸ್ಪಷ್ಟವಾಗಿ ಗೊತ್ತಿದ್ದರೂ ಬಳೆ ಕಾಣುವುದು ತಪ್ಪುವುದಿಲ್ಲ. ಅವರು ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು.

ಈ ಊಹೆ ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂಬುದನ್ನು ತಿಳಿಯಲು ನಿಮ್ಮ ಎರಡು ಕೈಗಳೇ ಸಾಕು. ಒಂದು ಅಂಗೈಯನ್ನು ತೋಳು ಚಾಚಿದಷ್ಟು ದೂರದಲ್ಲೂ ಇನ್ನೊಂದನ್ನು ಅದರ ಅರ್ಧ ದೂರದಲ್ಲೂ ಹಿಡಿಯಿರಿ. ಹತ್ತಿರದ ಕೈಯ ಬಿಂಬ ಅಕ್ಷಿಪಟಲದ ಮೇಲೆ ಎರಡು ಪಟ್ಟು ದೊಡ್ಡದು. ಆದರೂ ಕೈಗಳೆರಡೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿ ಕಾಣುತ್ತವೆ. ಈಗ ಒಂದು ಕಣ್ಣನ್ನು ಮುಚ್ಚಿ, ಹತ್ತಿರದ ಕೈ ದೂರದ ಕೈಯ ಮೇಲೆ ಭಾಗಶಃ ಬರುವಂತೆ ಸರಿಸಿರಿ. ಹತ್ತಿರದ ಬೆರಳುಗಳ ಹಿಂದೆ ದೂರದ ಕೈ ಮಗುವಿನ ಕೈಯಷ್ಟಾಗಿ ಬಿಡುತ್ತದೆ. ಅಷ್ಟು ಹೊತ್ತು ನಿಮ್ಮ ಮಿದುಳು ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡು ಗಾತ್ರವನ್ನು ಸರಿದೂಗಿಸುತ್ತಿತ್ತು. ಇದನ್ನು ಗಾತ್ರಸ್ಥಿರತೆ ಎನ್ನುತ್ತಾರೆ.

ನಿಮ್ಮ ಗೆರೆಗಳಿಗೂ ಇದಕ್ಕೂ ನಂಟಿದೆ ಎಂದವರು ಬ್ರಿಟನ್ನಿನ ರಿಚರ್ಡ್ ಗ್ರೆಗರಿ. 1963ರಲ್ಲಿ ಅವರು ಮಂಡಿಸಿದ ವಿವರಣೆಯ ಪ್ರಕಾರ, ಕವೆಯ ಗೀಟುಗಳಿರುವ ಗೆರೆ ಕೋಣೆಯ ಒಳಮೂಲೆಯನ್ನು, ಅಂದರೆ ನಮ್ಮಿಂದ ದೂರ ಸರಿದ ಅಂಚನ್ನು ಹೋಲುತ್ತದೆ. ಬಾಣದ ಗೀಟುಗಳ ಗೆರೆ ಕಟ್ಟಡದ ಹೊರಮೂಲೆಯನ್ನು, ಅಂದರೆ ನಮ್ಮತ್ತ ಚಾಚಿದ ಅಂಚನ್ನು ಹೋಲುತ್ತದೆ. ಬಿಂಬಗಳೆರಡೂ ಸಮ, ಆದರೆ ಒಂದು ದೂರದ್ದು. ಹಾಗಾದರೆ ದೂರದ್ದೇ ದೊಡ್ಡದಿರಬೇಕು ಎಂದು ಮಿದುಳು ಅದನ್ನು ಹಿಗ್ಗಿಸುತ್ತದೆ. ನಿಜವಾದ ಕೋಣೆಯಲ್ಲಿ ಇದು ಸರಿಯಾದ ಲೆಕ್ಕ, ಚಪ್ಪಟೆ ಹಾಳೆಯ ಮೇಲೆ ಸಲ್ಲದ ಲೆಕ್ಕ.

ಹಗ್ಗ-ಹಾವಿನ ಬಗ್ಗೆ ಒಂದು ಮಾತು. ಆ ದೃಷ್ಟಾಂತವನ್ನು ಬಳಸಿದ ವೇದಾಂತಿಗಳೇ ಭ್ರಮೆಯನ್ನು ಎರಡಾಗಿ ವಿಂಗಡಿಸಿದ್ದರು. ಹಗ್ಗ ಹಾವಾಗಿ ಕಾಣುವುದು ನಿರುಪಾಧಿಕ ಭ್ರಮೆ, ತಿಳಿದೊಡನೆ ಹೋಗುತ್ತದೆ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುವುದು ಸೋಪಾಧಿಕ ಭ್ರಮೆ. ಸ್ಫಟಿಕಕ್ಕೆ ಬಣ್ಣವಿಲ್ಲವೆಂದು ತಿಳಿದಿದ್ದರೂ ಹೂವನ್ನು ಸರಿಸುವವರೆಗೆ ಕೆಂಪು ಹೋಗದು. ನಿಮ್ಮ ಹಾಳೆಯ ಮೇಲಿರುವುದು ಎರಡನೆಯ ಬಗೆಯದು, ಗೀಟುಗಳೇ ಅಲ್ಲಿನ ದಾಸವಾಳ. ಅವನ್ನು ಎರಡು ಕಾಗದದ ಚೂರುಗಳಿಂದ ಮುಚ್ಚಿ ನೋಡಿರಿ, ಗೆರೆಗಳು ಮರುಕ್ಷಣವೇ ಸಮವಾಗುತ್ತವೆ.


ಉತ್ತರ 2: ಸಂದೇಹಿ

ಮೇಷ್ಟ್ರ ಉತ್ತರದ ಮೊದಲರ್ಧವನ್ನು ಒಪ್ಪುತ್ತೇನೆ, ದಾಸವಾಳದ ಹೋಲಿಕೆಯನ್ನು ಸಂತೋಷದಿಂದಲೇ ಒಪ್ಪುತ್ತೇನೆ. ಆದರೆ ಗ್ರೆಗರಿಯವರ ಮೂಲೆಗಳ ಕಥೆ ಕೇಳಲು ಸೊಗಸಾಗಿರುವಷ್ಟು ಗಟ್ಟಿಯಾಗಿಲ್ಲ ಎಂಬುದನ್ನು ಹೇಳದೆ ಇರಲಾರೆ.

ಆ ಕಥೆಯ ಪರವಾಗಿ ಸಾಮಾನ್ಯವಾಗಿ ಮುಂದಿಡುವುದು ಸೆಗಾಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್ಕೊವಿಟ್ಸ್ 1966ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಹಲವು ಸಮಾಜಗಳ ಜನರಿಗೆ ಈ ಚಿತ್ರವನ್ನು ತೋರಿಸಿದಾಗ ಭ್ರಮೆಯ ಪ್ರಮಾಣ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಅಮೆರಿಕದ ನಗರವಾಸಿಗಳಲ್ಲಿ ಹೆಚ್ಚಾಗಿಯೂ ಆಫ್ರಿಕಾದ ಕಲಹರಿಯ ಬೇಟೆಗಾರ ಸಮುದಾಯದವರಲ್ಲಿ ತೀರ ಕಡಿಮೆಯಾಗಿಯೂ ಇತ್ತು. ಚೌಕಾಕಾರದ ಕಟ್ಟಡಗಳ ನಡುವೆ ಬೆಳೆದವರ ಕಣ್ಣು ಮೂಲೆಗಳನ್ನು ಕಲಿತಿರುತ್ತದೆ ಎಂಬ ವಿವರಣೆ ಆಗ ಜನಪ್ರಿಯವಾಯಿತು. ಆದರೆ 2015ರಲ್ಲಿ ಪವನ್ ಸಿನ್ಹಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ವಿವರಣೆಯ ಬುಡಕ್ಕೇ ಕೈಹಾಕಿತು. ಹುಟ್ಟಿನಿಂದ ಕಣ್ಣಿನ ಪೊರೆಯಿಂದಾಗಿ ನೋಟವಿಲ್ಲದೆ ಬೆಳೆದ 9 ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಬಂದ ಕೂಡಲೇ ಇದೇ ಚಿತ್ರವನ್ನು ತೋರಿಸಲಾಯಿತು. ಕೋಣೆಯ ಮೂಲೆಯನ್ನು ಕಣ್ಣಿನಿಂದ ಕಂಡು ಕಲಿಯಲು ವ್ಯವಧಾನವೇ ಸಿಕ್ಕಿರದ ಆ ಮಕ್ಕಳಿಗೂ ಭ್ರಮೆಯಾಯಿತು.

ಇನ್ನೂ ಸುಲಭವಾದ ಪರೀಕ್ಷೆಯೊಂದನ್ನು ರೇಖಾಪ್ರಿಯರೇ ಮಾಡಬಹುದು. ಗೀಟುಗಳ ಬದಲಿಗೆ ಸೊನ್ನೆಗಳನ್ನು ಬರೆಯಿರಿ: ಒಂದು ಗೆರೆಯ ತುದಿಗಳಲ್ಲಿ ಸೊನ್ನೆಗಳು ಗೆರೆಯ ಹೊರಗಿರಲಿ, ಇನ್ನೊಂದರಲ್ಲಿ ಗೆರೆಯ ಮೇಲೆ ಒಳಗಿರಲಿ. ಇಲ್ಲಿ ಮೂಲೆಯೂ ಇಲ್ಲ, ಆಳದ ಸುಳಿವೂ ಇಲ್ಲ, ಭ್ರಮೆ ಮಾತ್ರ ಇದೆ. ಸಾಲದ್ದಕ್ಕೆ, ಉಬ್ಬುಗೆರೆಗಳಲ್ಲಿ ಮಾಡಿದ ಈ ಚಿತ್ರವನ್ನು ಬೆರಳಿನಿಂದ ತಡವಿ ನೋಡುವ ಅಂಧರಿಗೂ ಇಂಥದೇ ಭ್ರಮೆ ಉಂಟಾಗುತ್ತದೆ ಎಂಬುದು ಪ್ರಯೋಗಗಳಿಂದ ಗೊತ್ತಾಗಿದೆ. ಹಾಗಾಗಿ, ಗೆರೆಯ ತುದಿ ಎಲ್ಲಿದೆ ಎಂಬುದನ್ನು ಗುರುತಿಸುವಾಗ ತುದಿಯ ಸುತ್ತಮುತ್ತ ಇರುವುದೆಲ್ಲವೂ ಆ ಲೆಕ್ಕದೊಳಗೆ ಸೇರಿಕೊಂಡು, ತುದಿಯನ್ನು ಒಳಕ್ಕೋ ಹೊರಕ್ಕೋ ಎಳೆಯುತ್ತದೆ ಎಂಬ ಸಪ್ಪೆ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅದೊಂದೇ ಪೂರ್ತಿ ಕಾರಣವೆಂದು ವಾದಿಸುವುದಿಲ್ಲ.

ಆದರೆ ಮೂಲ ಪ್ರಶ್ನೆ ತಿಳಿವಳಿಕೆಗೆ ಸಂಬಂಧಿಸಿದ್ದು. ಎಲ್ಲ ತಿಳಿವಳಿಕೆಗೂ ಕಣ್ಣು ಕಿವುಡು ಎನ್ನುವುದು ಸರಿಯಲ್ಲ. ಆರ್. ಸಿ. ಜೇಮ್ಸ್ ಅವರ ಪ್ರಸಿದ್ಧ ಛಾಯಾಚಿತ್ರವೊಂದರಲ್ಲಿ ಮೊದಲ ನೋಟಕ್ಕೆ ಕಾಣುವುದು ಬಿಳಿಯ ಮೇಲೆ ಚೆಲ್ಲಿದ ಕಪ್ಪು ಕಲೆಗಳಷ್ಟೇ. ಅದರಲ್ಲಿ ಡಾಲ್ಮೇಷಿಯನ್ ನಾಯಿಯೊಂದು ನೆಲವನ್ನು ಮೂಸುತ್ತಿದೆ ಎಂದು ಯಾರಾದರೂ ಹೇಳಿದರೆ, ಕೆಲವು ಕ್ಷಣಗಳಲ್ಲಿ ಕಲೆಗಳು ಒಟ್ಟುಗೂಡಿ ನಾಯಿಯಾಗುತ್ತವೆ. ಆಮೇಲೆ ಬೇಕೆಂದರೂ ಅದನ್ನು ಬರಿಯ ಕಲೆಗಳಾಗಿ ನೋಡಲಾಗುವುದಿಲ್ಲ. ಇಲ್ಲಿ ಒಂದು ಮಾತು ನೋಟವನ್ನೇ ಬದಲಿಸಿತು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ಇಲ್ಲೇ. ನಾಯಿಯ ಚಿತ್ರದಲ್ಲಿ ಕಣ್ಣಿಗೆ ಯಾವ ತೀರ್ಮಾನವೂ ದಕ್ಕಿರಲಿಲ್ಲ, ಹೊರಗಿನ ಸುಳಿವಿಗೆ ಅಲ್ಲಿ ಎಡೆಯಿತ್ತು. ಹಗ್ಗದ ಪ್ರಸಂಗದಲ್ಲೂ ಅಷ್ಟೇ, ಮಬ್ಬುಗತ್ತಲೆಯಿಂದಾಗಿ ಕಣ್ಣು ಇನ್ನೂ ಹೊಯ್ದಾಡುತ್ತಿತ್ತು. ದೀಪ ತಂದವನು ತಂದದ್ದು ತಿಳಿವಳಿಕೆಯನ್ನಲ್ಲ, ಹೆಚ್ಚು ಬೆಳಕನ್ನು! ಗೆರೆಗಳ ವಿಷಯದಲ್ಲಾದರೋ ಕಣ್ಣು ಆಗಲೇ ತೀರ್ಪು ಕೊಟ್ಟು ಮುಗಿಸಿರುತ್ತದೆ, ಮೇಲ್ಮನವಿಗೆ ಅಲ್ಲಿ ಅವಕಾಶವಿಲ್ಲ. 1983ರಲ್ಲಿ ಜೆರಿ ಫೋಡರ್ ಎಂಬ ತತ್ತ್ವಜ್ಞ, ಮನಸ್ಸಿನ ಇತರ ಭಾಗಗಳಿಗೆ ಗೊತ್ತಿರುವುದೆಲ್ಲ ದೃಷ್ಟಿಯ ವ್ಯವಸ್ಥೆಯೊಳಕ್ಕೆ ಹರಿದುಬರುವುದಿಲ್ಲ ಎಂದು ವಾದಿಸುವಾಗ ಬಳಸಿದ್ದೂ ನಿಮ್ಮ ಈ ಗೆರೆಗಳನ್ನೇ.


ಉತ್ತರ 3: ಅರೆಬೆಳಕು

ಇಬ್ಬರೂ ಭ್ರಮೆಯನ್ನು ತಪ್ಪು ಎಂದೇ ಹಿಡಿದು ಮಾತಾಡುತ್ತಿದ್ದಾರೆ. ತಪ್ಪು ಯಾವ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿದೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

1995ರಲ್ಲಿ ಎಡ್ವರ್ಡ್ ಏಡಲ್‌ಸನ್ ರಚಿಸಿದ ಚದುರಂಗದ ಮಣೆಯ ಚಿತ್ರವನ್ನು ನೆನಪಿಸಿಕೊಳ್ಳಿರಿ. ಮಣೆಯ ಮೇಲೆ ಹಸಿರು ಉರುಳೆಯೊಂದರ ನೆರಳು ಬಿದ್ದಿರುತ್ತದೆ. ನೆರಳಿನ ಹೊರಗಿರುವ ಕಪ್ಪು ಮನೆಯೂ ನೆರಳಿನೊಳಗಿರುವ ಬಿಳಿ ಮನೆಯೂ ಮುದ್ರಣದಲ್ಲಿ ಒಂದೇ ಬೂದುಬಣ್ಣ. ನೋಡುವವರಿಗೆ ಮಾತ್ರ ಒಂದು ಕಪ್ಪು, ಇನ್ನೊಂದು ಬಿಳಿ. ಇದನ್ನು ಕಣ್ಣಿನ ಸೋಲು ಎನ್ನಬಹುದೇ? ಮನೆಯಿಂದ ಹೊಮ್ಮಿದ ಬೆಳಕು ಎಷ್ಟು ಎಂಬುದು ಕಣ್ಣಿನ ಪ್ರಶ್ನೆಯಾಗಿದ್ದರೆ ಹೌದು. ಆ ಮನೆಗೆ ಬಳಿದ ಬಣ್ಣ ಯಾವುದು ಎಂಬುದು ಪ್ರಶ್ನೆಯಾಗಿದ್ದರೆ ಕಣ್ಣು ಸರಿಯಾಗಿಯೇ ಉತ್ತರಿಸಿದೆ. ಬದುಕಿನಲ್ಲಿ ನಮಗೆ ಬೇಕಾಗುವುದು ಎರಡನೆಯದೇ. ಪ್ರಖರ ಬಿಸಿಲಿನ ಪ್ರಮಾಣ ಸುಮಾರು 1,00,000 ಲಕ್ಸ್, ದೀಪ ಹಚ್ಚಿದ ಕೋಣೆಯಲ್ಲಿ 300 ಲಕ್ಸ್ ಎಂದಿಟ್ಟುಕೊಳ್ಳಿ. ಇದ್ದಿಲು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 5 ಭಾಗವನ್ನೂ ಬಿಳಿ ಕಾಗದ 80 ಭಾಗವನ್ನೂ ಹಿಂದಿರುಗಿಸುತ್ತವೆ ಎಂದು ಹಿಡಿದರೆ, ಬಿಸಿಲಿನಲ್ಲಿರುವ ಇದ್ದಿಲಿನಿಂದ ಬರುವ ಬೆಳಕು ಕೋಣೆಯಲ್ಲಿರುವ ಕಾಗದದಿಂದ ಬರುವುದಕ್ಕಿಂತ ಸುಮಾರು 20 ಪಟ್ಟು ಹೆಚ್ಚು. ಆದರೂ ಇದ್ದಿಲು ಕಪ್ಪಾಗಿಯೂ ಕಾಗದ ಬೆಳ್ಳಗೂ ಕಾಣುತ್ತವೆ. ಬೆಳಕನ್ನು ಅಳೆಯುವ ಯಂತ್ರವೊಂದನ್ನು ಕಣ್ಣಿನ ಜಾಗದಲ್ಲಿ ಕೂರಿಸಿದ್ದರೆ ನಾವು ಬಿಸಿಲಿಗೆ ಹೋದಾಗಲೆಲ್ಲ ಇದ್ದಿಲನ್ನು ಕಾಗದವೆಂದುಕೊಳ್ಳುತ್ತಿದ್ದೆವು.

ರೇಖಾಪ್ರಿಯರ ಸ್ಕೇಲು ಕೇಳುವ ಪ್ರಶ್ನೆಯನ್ನು ಅವರ ಕಣ್ಣು ಕೇಳುತ್ತಲೇ ಇಲ್ಲದಿರಬಹುದು. ಇದಕ್ಕೆ ಪೂರಕವಾಗಿ ಕೈಯ ಸಾಕ್ಷ್ಯವೂ ಇದೆ. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ 1992ರಲ್ಲಿ ಮಂಡಿಸಿದ ಪ್ರಕಾರ, ಇದು ಏನು ಎಂದು ಗುರುತಿಸುವ ನೋಟಕ್ಕೂ ಇದನ್ನು ಹಿಡಿಯುವುದು ಹೇಗೆ ಎಂದು ಕೈಯನ್ನು ನಡೆಸುವ ನೋಟಕ್ಕೂ ಮಿದುಳಿನಲ್ಲಿ ಬೇರೆಬೇರೆ ಹಾದಿಗಳಿವೆ. ಅವರ ಅಧ್ಯಯನದಲ್ಲಿ ಡಿ.ಎಫ್. ಎಂಬ ಮೊದಲಕ್ಷರಗಳಿಂದ ಹೆಸರಾದ ಮಹಿಳೆಯೊಬ್ಬರ ಮಿದುಳಿಗೆ ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಹಾನಿಯಾಗಿತ್ತು. ಎದುರಿಗಿದ್ದ ಸೀಳುಗಂಡಿ ಅಡ್ಡಲಾಗಿದೆಯೋ ಉದ್ದಕ್ಕಿದೆಯೋ ಎಂದು ಹೇಳಲು ಅವರಿಗೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಕೈಗೆ ಕಾರ್ಡನ್ನು ಕೊಟ್ಟು ಅದರೊಳಗೆ ತೂರಿಸಿರಿ ಎಂದರೆ, ಕೈ ಹೋಗುತ್ತ ಹೋಗುತ್ತಲೇ ಸರಿಯಾದ ಓರೆಗೆ ತಿರುಗುತ್ತಿತ್ತು. 2006ರ ಇನ್ನೊಂದು ಪ್ರಯೋಗದಲ್ಲಿ, ಮುಖವಾಡದ ಒಳಗುಳಿ ಉಬ್ಬಿದ ಮುಖದಂತೆ ಕಾಣುವ ಭ್ರಮೆಯನ್ನು ಬಳಸಿಕೊಂಡರು. ಭ್ರಮೆ ಎಷ್ಟು ಗಟ್ಟಿಯಾಗಿದ್ದರೂ, ಆ ಗುಳಿಗೆ ಅಂಟಿಸಿದ ಚಿಕ್ಕ ಗುರುತನ್ನು ತಟ್ಟನೆ ಚಿಮ್ಮಿಸಿರಿ ಎಂದಾಗ ನೋಡುಗರ ಬೆರಳು ಉಬ್ಬು ಕಾಣುತ್ತಿದ್ದ ಜಾಗಕ್ಕಲ್ಲ, ಗುರುತು ನಿಜವಾಗಿ ಇದ್ದ ಆಳಕ್ಕೇ ಹೋಯಿತು. ಎಲ್ಲ ಭ್ರಮೆಗಳಲ್ಲೂ ಕೈ ಹೀಗೆ ಪಾರಾಗುತ್ತದೆ ಎನ್ನಲಾಗದು. ಚಪ್ಪಟೆ ಚಿತ್ರಗಳ ಗಾತ್ರಭ್ರಮೆಗಳಲ್ಲಿ ಕೈಯೂ ಮೋಸಹೋಗುತ್ತದೆಯೇ ಎಂಬ ಬಗ್ಗೆ ಸಂಶೋಧಕರ ನಡುವೆ ಜಗಳ ಇನ್ನೂ ಮುಗಿದಿಲ್ಲ.


ಮರುಪ್ರಶ್ನೆ: ರೇಖಾಪ್ರಿಯ

ಮೂವರಿಗೂ ವಂದನೆಗಳು. ಸೊನ್ನೆಗಳನ್ನು ಬರೆದು ನೋಡಿದೆ, ಸಂದೇಹಿಯವರು ಹೇಳಿದಂತೆಯೇ ಆಯಿತು. ಮೂಲೆಗಳ ವಿವರಣೆಯನ್ನು ಮೆಚ್ಚಿಕೊಂಡಿದ್ದ ನನಗೆ ಸ್ವಲ್ಪ ಬೇಸರವೂ ಆಯಿತು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಒಂದರೊಳಗೊಂದು ಜಾರುವ ಎರಡು ರಟ್ಟುಗಳನ್ನು ಮಾಡಿಕೊಂಡೆ. ಹೊರಗಿನ ರಟ್ಟಿನ ಮೇಲೆ 8 ಸೆಂಟಿಮೀಟರಿನ ಬಾಣದ ಗೆರೆ. ಒಳಗಿನದರ ಮೇಲೆ ಕವೆಯ ಗೆರೆ, ಅದನ್ನು ಎಳೆದು ಉದ್ದ ಮಾಡಬಹುದು, ತಳ್ಳಿ ಗಿಡ್ಡ ಮಾಡಬಹುದು. ಎರಡೂ ಸಮವೆಂದು ಕಂಡಲ್ಲಿ ನಿಲ್ಲಿಸಿ, ಹಿಂಬದಿಯಲ್ಲಿ ಅಂಟಿಸಿದ ಅಳತೆಪಟ್ಟಿಯನ್ನು ಓದುತ್ತಿದ್ದೆ. ಮೊದಮೊದಲು ಕವೆಯ ಗೆರೆಯನ್ನು ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡವಾಗಿ ನಿಲ್ಲಿಸುತ್ತಿದ್ದವನು, ನಾಲ್ಕು ಸಂಜೆಗಳ ಹೊತ್ತಿಗೆ ಅದರ ಅರ್ಧದಷ್ಟಕ್ಕೆ ಬಂದಿದ್ದೇನೆ. ಹಾಗಾದರೆ ತಿಳಿವಳಿಕೆ ಕೊನೆಗೂ ಒಳಗಿಳಿಯಿತೆಂದು ತಿಳಿಯಬಹುದೇ?


ಉತ್ತರ 4: ನಿವೃತ್ತ ಮೇಷ್ಟ್ರು

ಮೂಲೆಗಳ ವಿಷಯದಲ್ಲಿ ಸಂದೇಹಿಯವರ ಆಕ್ಷೇಪವನ್ನು ಒಪ್ಪುತ್ತೇನೆ. ಎಷ್ಟೋ ವರ್ಷ ತರಗತಿಯಲ್ಲಿ ಆ ವಿವರಣೆಯನ್ನೇ ಹೇಳಿಕೊಂಡು ಬಂದ ರೂಢಿ ಸುಲಭವಾಗಿ ಬಿಡುವುದಿಲ್ಲ.

ನೀವು ಮಾಡಿಕೊಂಡಂಥ ಜಾರುರಟ್ಟು ಮನಶ್ಶಾಸ್ತ್ರದ ಪ್ರಯೋಗಾಲಯಗಳಲ್ಲಿ ಇಂದಿಗೂ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವ ಉಪಕರಣಗಳಲ್ಲಿ ಒಂದು. ಪದೇ ಪದೇ ನೋಡಿದರೆ ಈ ಭ್ರಮೆ ಇಳಿಯುತ್ತದೆ ಎಂಬುದನ್ನು ಚಾರ್ಲ್ಸ್ ಜಡ್ 1902ರಲ್ಲೇ ತೋರಿಸಿದ್ದರು. ಎಷ್ಟು ತಪ್ಪಾಯಿತು ಎಂಬುದನ್ನು ನೋಡುಗನಿಗೆ ತಿಳಿಸದಿದ್ದರೂ ಭ್ರಮೆ ಇಳಿಯುತ್ತದೆ. ನೋಟವನ್ನು ಒಂದೆಡೆ ನೆಟ್ಟು ಕೂರುವುದಕ್ಕಿಂತ ಗೆರೆಯ ಉದ್ದಕ್ಕೂ ಆಡಿಸಿದರೆ ಹೆಚ್ಚು ಇಳಿಯುತ್ತದೆ. ಅಂದರೆ ಒಂದು ಸಲ ಅಳೆದು ಸಮವೆಂದು ತಿಳಿದದ್ದರಿಂದ ಆಗದ ಕೆಲಸ ನೂರು ಸಲ ನೋಡುವುದರಿಂದ ಸ್ವಲ್ಪಮಟ್ಟಿಗೆ ಆಗುತ್ತದೆ. ಕಣ್ಣು ಕಲಿಯುವುದೇ ಇಲ್ಲವೆಂದಲ್ಲ, ಆದರೆ ನಿಮ್ಮ ಬಾಯಿಮಾತಿನಿಂದ ಕಲಿಯುವುದಿಲ್ಲ.

ಆದರೆ ನಿಮ್ಮ ಪ್ರಯೋಗದಲ್ಲಿ ಒಂದು ಲೋಪವಿದೆ. ಪ್ರತಿ ಸಲವೂ ಅಳತೆಪಟ್ಟಿಯನ್ನು ಓದುತ್ತಿದ್ದೀರಿ. ಕವೆಯ ಗೆರೆಯನ್ನು ಗಿಡ್ಡವಾಗಿ ನಿಲ್ಲಿಸುತ್ತಿದ್ದೇನೆ ಎಂದು ಗೊತ್ತಾದ ಮೇಲೆ, ಸಮವಾಗಿ ಕಂಡಲ್ಲಿಂದ ಇನ್ನೊಂದಿಷ್ಟು ಎಳೆದುಬಿಡಲು ಕೈಗೆ ಏನೂ ಕಷ್ಟವಿಲ್ಲ; ಆಗ ಬದಲಾದದ್ದು ಲೆಕ್ಕ, ನೋಟವಲ್ಲ. ಅಂಕಿಗಳನ್ನು ಮಾತ್ರ ನೋಡಿದರೆ ಇವೆರಡರಲ್ಲಿ ಯಾವುದು ನಡೆಯಿತೆಂದು ಹೇಳಲು ಬರುವುದಿಲ್ಲ. ಹೊಸ ರಟ್ಟೊಂದನ್ನು ಮಾಡಿರಿ, ಪಟ್ಟಿಯನ್ನು ಓದಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿರಿ, ಎಲ್ಲ ಮುಗಿಯುವವರೆಗೆ ಒಂದು ಅಂಕಿಯನ್ನೂ ಕೇಳಬೇಡಿರಿ.


ಮರುಮಾತು: ರೇಖಾಪ್ರಿಯ

ಮೇಷ್ಟ್ರೆ, ಸಿಕ್ಕಿಬಿದ್ದೆ. ಮೂರನೆಯ ಸಂಜೆಯಿಂದ, ಸಮವಾಗಿ ಕಂಡ ಮೇಲೂ ಕೂದಲೆಳೆಯಷ್ಟು ಹೆಚ್ಚು ಎಳೆಯುತ್ತಿದ್ದೆನೆಂಬುದು ನನಗೇ ಗೊತ್ತಿತ್ತು. ಹೊಸ ರಟ್ಟುಗಳನ್ನು ಕತ್ತರಿಸಿದ್ದೇನೆ. ಪಟ್ಟಿಯನ್ನು ಓದಿ ಬರೆದಿಡಲು ತಂಗಿ ಒಪ್ಪಿದ್ದಾಳೆ, ಅಂಕಿಗಳನ್ನು ಹತ್ತು ದಿನ ನನಗೆ ತೋರಿಸುವುದಿಲ್ಲವೆಂಬ ಕರಾರಿನ ಮೇಲೆ.